ಆಯುಧವೂ ಹೊಣೆಯೂ

ನವರಾತ್ರಿಯಲ್ಲಿ ಮಂಗಳೂರಿನ ಪೋಲೀಸರ ಆಯುಧಗಳಿಗೂ ಪೂಜೆ ಸಲ್ಲುವುದು. ಆ ಗೌರವವು ಕಬ್ಬಿಣಕ್ಕಿಂತ ಹೆಚ್ಚಾಗಿ ಅದನ್ನು ಹಿಡಿದ ಕೈಯ ಹೊಣೆಗೆ ಸೇರಿದುದು. ಹೀಗಿರಲು, ಸೇವೆಯಿಂದ ಹೊರಬಿದ್ದ ಹಳೆಯ ರಿವಾಲ್ವರುಗಳನ್ನು ಸಂಗ್ರಹಿಸಿಡುವುದು ಯುಕ್ತವೇ?

1887ರಲ್ಲಿ ಬ್ರಿಟಿಷ್ ಸೇನೆಯು ಅಂಗೀಕರಿಸಿದ ವೆಬ್ಲಿ ರಿವಾಲ್ವರಿನ ಹಿಡಿಯ ಬುಡದಲ್ಲಿ ಒಂದು ಬಳೆಯುಂಟು. ಅದಕ್ಕೆ ಕಟ್ಟಿದ ಹುರಿಯು ಆಯುಧವನ್ನು ಅಧಿಕಾರಿಯ ಮೈಗೆ ಬಿಗಿದಿಡುತ್ತಿತ್ತು. ಹಾರಿಸಿದ ಗುಂಡಿಗೆ ಅವನು ಉತ್ತರ ಹೇಳತಕ್ಕವನಾಗಿದ್ದನು. ಸಂಗ್ರಾಹಕನ ಮನೆಯಲ್ಲಿ ಬಳೆಯುಳಿಯುವುದು, ಹುರಿಯುಳಿಯದು.

ಗುಂಡು ಹಾರಿಸಲಾಗದ ಪುರಾತನ ಆಯುಧವನ್ನು 1959ರ ಆಯುಧ ಅಧಿನಿಯಮವು ತನ್ನ ಕಟ್ಟಿನಿಂದ ಬಿಟ್ಟಿದೆ. ಆದರೆ ಧರ್ಮವು ಅಷ್ಟು ಸುಲಭವಾಗಿ ಬಿಡದು. ಹಿಡಿದವನ ಶೌರ್ಯದೊಡನೆ ಅದರ ಮುಂದೆ ನಿಂತವನ ನೋವನ್ನೂ ನೆನೆಯಬಲ್ಲವನೇ ಅದನ್ನು ಇರಿಸಿಕೊಳ್ಳಲು ಅರ್ಹನು. ಕಳೆದುಹೋದ ಹುರಿಯ ಸ್ಥಾನದಲ್ಲಿ ಆ ನೆನಪೇ ನಿಲ್ಲತಕ್ಕುದು.