ಜೀರ್ಣೋದ್ಧಾರವೋ, ನೂತನ ಗೃಹವೋ?

ಮುಂಬಯಿಯಂತಹ ಮಹಾನಗರದಲ್ಲಿ ದಶಕಗಳಿಂದ ನೆಲೆಸಿರುವ ನಮ್ಮವರ ಮುಂದೆ ಇಂದು ಒಂದು ಪ್ರಶ್ನೆ ಎದ್ದು ನಿಂತಿದೆ. ಹಳೆಯ ಮನೆಯನ್ನು ದುರಸ್ತಿಗೊಳಿಸಿ ಅಲ್ಲಿಯೇ ಬಾಳಬೇಕೆ? ಇಲ್ಲವೆ ಅದನ್ನು ತೊರೆದು ಹೊಸದನ್ನು ಸೇರಬೇಕೆ? ಸೊಸೈಟಿಯ ಸಭೆಗಳಲ್ಲಿ ಇದು ಕೇವಲ ಚದರಡಿಯ ಲೆಕ್ಕವಾಗಿ ಚರ್ಚಿತವಾಗುತ್ತದೆ. ಲೆಕ್ಕ ಬೇಕು, ಆದರೆ ಈ ಪ್ರಶ್ನೆಯ ಒಡಲಲ್ಲಿ ಒಂದು ಧರ್ಮಜಿಜ್ಞಾಸೆಯೂ ಅಡಗಿದೆಯೆಂಬುದನ್ನು ಮರೆಯಲಾಗದು.

ಹೊಸಮನೆಯ ಪಕ್ಷದವರು ಕೆಲವೊಮ್ಮೆ ಗೀತೆಯನ್ನೇ ಸಾಕ್ಷಿಗೆ ಕರೆಯುವುದುಂಟು. ಜೀರ್ಣವಾದ ವಸ್ತ್ರವನ್ನು ಕಳಚಿ ಹೊಸದನ್ನು ಉಡುವ ದೃಷ್ಟಾಂತ ಎರಡನೆಯ ಅಧ್ಯಾಯದಲ್ಲಿದೆಯಲ್ಲವೆ ಎಂಬುದು ಅವರ ವಾದ. ಇದೆ, ನಿಜ. ಆದರೆ ಭಗವಂತನು ಆ ಮಾತನ್ನಾಡಿದ್ದು ಬಂಧುಗಳ ಮರಣವನ್ನು ನೆನೆದು ಕುಸಿದವನಿಗೆ. ಮತ್ತೊಂದು ಕೋಣೆ ಬೇಕೆಂದವನಿಗಲ್ಲ!

ಮನೆಯ ವಿಷಯದಲ್ಲಿ ನಮಗೆ ಹೆಚ್ಚು ಹತ್ತಿರವಾದ ದೃಷ್ಟಾಂತವೆಂದರೆ ದೇವಾಲಯದ ಜೀರ್ಣೋದ್ಧಾರ. ಕರಾವಳಿಯಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗರ್ಭಗುಡಿಯ ಒಂದು ಕಲ್ಲನ್ನು ಕದಲಿಸುವ ಮೊದಲು ಅನುಜ್ಞಾಕಲಶದ ಮೂಲಕ ದೇವರ ಅಪ್ಪಣೆಯನ್ನು ಬೇಡುತ್ತಾರೆ. ಸಾನ್ನಿಧ್ಯವನ್ನು ತಾತ್ಕಾಲಿಕವಾದ ಬಾಲಾಲಯಕ್ಕೆ ಬಿಜಯಂಗೈಸುತ್ತಾರೆ. ಅಲ್ಲಿ ಪೂಜೆ ನಡೆಯುತ್ತಲೇ ಇರುತ್ತದೆ. ಕೆಲಸ ಪೂರ್ಣವಾದ ಮೇಲೆ ಪುನಃಪ್ರತಿಷ್ಠೆ, ಬ್ರಹ್ಮಕಲಶ. ಕಟ್ಟಡದ ಚಿಂತೆ ಎರಡನೆಯದು, ಒಳಗಿರುವವನ ಚಿಂತೆ ಮೊದಲನೆಯದು ಎಂಬ ಕ್ರಮ ಇಲ್ಲಿ ಸ್ಪಷ್ಟವಾಗಿದೆ.

ಹಾಗೆಂದು ಸ್ಥಳ ಬಿಡುವುದೇ ಅಧರ್ಮವೆಂದಲ್ಲ. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಹಲವು ದಶಕಗಳ ಅನಂತರ ಕಲ್ಲು ಕಲ್ಲಾಗಿ ಬಿಚ್ಚಿ, ಹಿನ್ನೀರಿನ ದಡದ ಹೊಸಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದರು. ಸ್ಥಳ ಬೇರೆಯಾಯಿತು, ಕಲ್ಲುಗಳು ಅವೇ. ಇದನ್ನು ದುರಸ್ತಿಯೆನ್ನೋಣವೆ, ವಲಸೆಯೆನ್ನೋಣವೆ?

ನಮ್ಮ ಕಾಂಕ್ರೀಟಿನ ಮನೆಗಳಿಗೆ ಆ ಶಿಲೆಯ ಆಯುಷ್ಯವಿಲ್ಲ. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಕ್ಕೆ ಇಳಿದು ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ತೊಲೆಯನ್ನು ಒಳಗಿನಿಂದಲೇ ಸೀಳುತ್ತದೆ. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ರಚನಾ ಪರೀಕ್ಷೆ ಕಡ್ಡಾಯ. ಮಹಾನಗರಪಾಲಿಕೆಯು 'ಸಿ-1' ಎಂದು ಗುರುತಿಸಿದ ಕಟ್ಟಡ ವಾಸಕ್ಕೆ ಅಪಾಯಕಾರಿ. ಅದನ್ನು ತೆರವು ಮಾಡಿ ಕೆಡವಲೇಬೇಕು. ಅಂತಹ ಕಡೆ ಅಜ್ಜನ ಕಾಲದ ಮನೆಯೆಂಬ ಮಮತೆಯಿಂದ ಮೊಮ್ಮಕ್ಕಳನ್ನು ಮಲಗಿಸುವುದು ಭಕ್ತಿಯಲ್ಲ, ಮೋಹ. 'ಸಿ-2' ವರ್ಗದ ಕಟ್ಟಡಗಳ ವಿಷಯ ಬೇರೆ. ಅವು ದುರಸ್ತಿಗೆ ಒಲಿಯುತ್ತವೆ. ನಿಜವಾದ ಧರ್ಮಸಂಕಟ ಹುಟ್ಟುವುದು ಅಲ್ಲಿಯೇ.

ಏಕೆಂದರೆ ಊರಿನ ತೊಟ್ಟಿಮನೆಯಂತೆ ಇಲ್ಲಿಯ ಮನೆ ಒಬ್ಬನದಲ್ಲ. ಒಬ್ಬನ ಮಹಡಿ ಮತ್ತೊಬ್ಬನ ಛಾವಣಿ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ ಹೊರಡಿಸಿದ ನಿರ್ದೇಶನವು ಸೊಸೈಟಿಯ ಪುನರಭಿವೃದ್ಧಿಗೆ ಶೇಕಡಾ 51ರಷ್ಟು ಸದಸ್ಯರ ಒಪ್ಪಿಗೆ ಸಾಕೆಂದಿತು. ಒಬ್ಬಿಬ್ಬರ ಹಟಕ್ಕೆ ಎಲ್ಲರೂ ಬಲಿಯಾಗಬಾರದೆಂಬುದು ನ್ಯಾಯವೇ. ಆದರೆ ಉಳಿದವರಲ್ಲಿ ಎಂಬತ್ತು ದಾಟಿದ, ಒಂಟಿಯಾಗಿರುವ ತಾಯಿಯೊಬ್ಬರಿದ್ದರೆ? ಕಟ್ಟಡ ಏಳಲು ಮೂರು ನಾಲ್ಕು ವರ್ಷಗಳು ಹಿಡಿಯಬಹುದು. ಮೂವತ್ತರ ಯುವಕನಿಗೆ ಅದು ಬಾಡಿಗೆಮನೆಯ ಒಂದು ಅಧ್ಯಾಯ. ಆ ತಾಯಿಗೆ ಉಳಿದ ಆಯುಷ್ಯವೇ ಅಷ್ಟಿರಬಹುದು. ಬಿಲ್ಡರು ಕೊಡುವ ಬಾಡಿಗೆಯ ಹಣದಿಂದ, ಕೂಗಿದರೆ ಓಗೊಡುವ ನೆರೆಮನೆಯವರು ದೊರೆಯುವರೆ? ದಿನವೂ ನಡೆದು ಹೋಗುವ ಗುಡಿ, ಕೈಹಿಡಿದು ನೋಡುವ ವೈದ್ಯ, ಪರಿಚಯದ ಹೂವಾಡಗಿತ್ತಿ, ಇವೆಲ್ಲ ಯಾವ ಕರಾರುಪತ್ರದಲ್ಲಿಯೂ ಇಲ್ಲ.

ದುರಸ್ತಿಯಿಂದ ಇಪ್ಪತ್ತು ವರ್ಷ ಬಾಳುವ ಕಟ್ಟಡವೆಂದು ಎಂಜಿನಿಯರರು ಹೇಳಿದ ಪಕ್ಷದಲ್ಲಿ, ನನ್ನ ಮತ ದುರಸ್ತಿಯ ಕಡೆಗೇ. ಕೆಡವುವುದು ಅನಿವಾರ್ಯವೆಂದಾದರೆ ಬಾಲಾಲಯದ ಕ್ರಮವನ್ನೇ ಅನುಸರಿಸೋಣ. ಸಹಿ ಹಾಕುವ ಮುನ್ನ ಆ ತಾಯಿಯ ಮನೆಗೆ ಹೋಗಿ ಅವರ ಅನುಜ್ಞೆಯನ್ನು ಬೇಡೋಣ. ಅದೇ ಬೀದಿಯಲ್ಲಿ ಅವರಿಗೊಂದು ಬಾಡಿಗೆಮನೆಯನ್ನು ಸೊಸೈಟಿಯೇ ಮೊದಲು ಗೊತ್ತುಮಾಡಲಿ. ಹೊಸ ಕಟ್ಟಡದಲ್ಲಿ ಅವರಿಗೆ ಕೆಳಗಿನ ಮಹಡಿಯೆಂದು ಕರಾರಿನಲ್ಲಿ ಬರೆಯಿಸೋಣ. ನವರಾತ್ರಿಯಲ್ಲಿ ಅವರು ಕೂರಿಸುವ ಪಟ್ಟದ ಗೊಂಬೆಗಳ ಪೆಟ್ಟಿಗೆಯನ್ನು ಹೊತ್ತೊಯ್ಯಲು ಮಾತ್ರ ಬಿಲ್ಡರಿನ ಲಾರಿ ಬೇಡ. ನೆರೆಮನೆಯ ಹುಡುಗರೇ ಹೊರಲಿ.