ಕಡಲು ತಡೆಯದಿದ್ದಾಗ

ಮುಂಗಾರು ಹಿಡಿದ ಮೇಲೆ ಕಡಲಿಗಿಳಿಯಬೇಡಿ ಎಂದು ಕರಾವಳಿಯವರಿಗೆ ಹಿಂದೆ ಯಾರೂ ಆದೇಶ ಹೊರಡಿಸಬೇಕಿರಲಿಲ್ಲ. ಅಳಿವೆಯ ಬಾಯಲ್ಲಿ ಅಲೆ ಏಳುತ್ತಿದ್ದಾಗ ಹುಟ್ಟುಗೋಲಿನ ದೋಣಿ ಹೊರಗೆ ದಾಟುವಂತೆಯೇ ಇರಲಿಲ್ಲ. ಬಲೆ ನೇಯುತ್ತ, ಹರಿದದ್ದನ್ನು ಹೊಲಿಯುತ್ತ, ಬೇಸಿಗೆಯಲ್ಲಿ ಕೂಡಿಟ್ಟ ಒಣಮೀನಿನಲ್ಲಿ ದಿನ ದೂಡುತ್ತ ಕಾಯುವುದಷ್ಟೇ ಉಳಿದಿತ್ತು. ನೂಲ ಹುಣ್ಣಿಮೆಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಬೇಡಿಕೊಂಡ ಮೇಲೆಯೇ ಹೊಸ ಋತು. ನೀರೊಳಗೆ ಅದೇ ಹೊತ್ತಿಗೆ ಬೇರೊಂದು ಕೆಲಸ ನಡೆದಿರುತ್ತಿತ್ತು. ಮುಂಗಾರಿನ ಗಾಳಿ ಮೇಲ್ಪದರದ ನೀರನ್ನು ದಡದಿಂದಾಚೆ ಸರಿಸಿದರೆ ಆಳದ ತಂಪು ನೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಹಬ್ಬುತ್ತವೆ, ಬೂತಾಯಿ ಮೀನು ಮೊಟ್ಟೆಯಿಡುತ್ತದೆ. ಮನುಷ್ಯನ ಭಯವೂ ಮೀನಿನ ಬಸಿರೂ ಒಂದೇ ಕಾಲಕ್ಕೆ ಬೀಳುತ್ತಿದ್ದವು.

ಎಂಜಿನ್ ಬಂದು ಈ ಜೋಡಿಯನ್ನು ಬಿಡಿಸಿತು. ತಳ ಬಾಚುವ ಟ್ರಾಲ್ ದೋಣಿಗಳು ಬಂದವು. 1970ರ ದಶಕದ ನಡುವಿಗೆ, ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆ ಮಂಗಳೂರಿಗೆ ಕಾಲಿಟ್ಟಿತು. ಮೀನು ತಾನಾಗಿ ದಡದ ಹತ್ತಿರ ಬಂದಾಗ ಊರಿಗೆ ಊರೇ ಸೇರಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಈಗ ಮೀನಿಗಾಗಿ ಕಾಯಬೇಕಿಲ್ಲ. ಅದು ಇರುವಲ್ಲಿಗೇ ಹೋಗಬಹುದು, ಎಲ್ಲಿದೆಯೆಂದು ಪರದೆಯ ಮೇಲೆ ನೋಡಬಹುದು. ಕಡಲು ತಡೆಯಲಾಗದ ಮೇಲೆ ಕಾನೂನು ತಡೆಯಬೇಕಾಯಿತು. 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ಇಂದು ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ.

ಹಿರಿಯರಿಗೆ ಸಂಯಮವಿತ್ತು, ನಮಗೆ ದುರಾಸೆ ಬಂತು ಎಂದು ಹೇಳಿ ಮುಗಿಸುವುದು ಸುಲಭ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಎಂಜಿನ್ನಿನ ಕಾಲಕ್ಕೂ ಮೊದಲೇ, 1943ರಲ್ಲಿ, ಬೂತಾಯಿ ಕೈಕೊಟ್ಟಾಗ ಮದರಾಸು ಸರ್ಕಾರ ಮರಿಮೀನು ಹಿಡಿಯುವುದಕ್ಕೆ ಕಡಿವಾಣ ಹಾಕಿತ್ತು. ಆಗ ದಕ್ಷಿಣ ಕನ್ನಡವೂ ಆ ಪ್ರಾಂತ್ಯದಲ್ಲೇ ಇತ್ತು. ನಮ್ಮ ಹಿರಿಯರು ಬಿಟ್ಟದ್ದರಲ್ಲಿ ಬಹುಪಾಲು ಕೈಗೆಟುಕದ್ದು. ಎಟುಕದ್ದನ್ನು ಬಿಡುವುದಕ್ಕೆ ಮನಸ್ಸು ಗಟ್ಟಿಯಿರಬೇಕಿಲ್ಲ. ಎಟುಕುವುದನ್ನು, ಪಕ್ಕದ ದೋಣಿಯವನು ಹಿಡಿಯಬಹುದಾದದ್ದನ್ನು, ನಾಳೆ ಸಾಲದ ಕಂತು ಕಟ್ಟಲು ಬೇಕಾದದ್ದನ್ನು ಬಿಡುವುದಕ್ಕೆ ಬೇಕು. ಮನುಷ್ಯ ಇದನ್ನು ಕಲಿಯಬೇಕಾಗಿ ಬಂದದ್ದೇ ಈಚೆಗೆ, ನಮ್ಮ ಎರಡು ಮೂರು ತಲೆಮಾರುಗಳಲ್ಲಿ.

ಕಲಿತಿದ್ದೇವೆಯೇ? ಎರಡು ತಿಂಗಳ ರಜೆಯನ್ನು ನಾವು ವ್ರತದಂತೆ ಆಚರಿಸುತ್ತೇವೆ, ಆಗಸ್ಟ್ ಬಂದೊಡನೆ ಪಾರಣೆಯಲ್ಲಿ ವ್ರತದ ಫಲವನ್ನೆಲ್ಲ ತಿಂದು ಮುಗಿಸುತ್ತೇವೆ. ಎರಡು ದೋಣಿಗಳು ಒಂದೇ ಬಲೆ ಹಿಡಿದು ತಳ ಬಾಚುವ ಬುಲ್ ಟ್ರಾಲಿಂಗನ್ನೂ, ಪ್ರಖರ ಬೆಳಕು ಹಾಯಿಸಿ ಮೀನನ್ನು ಗುಡ್ಡೆಗೂಡಿಸುವುದನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ನಾಡದೋಣಿಯವರು ಅದರ ಜಾರಿಗಾಗಿ ಪ್ರತಿಭಟನೆ ಮಾಡಬೇಕಾಯಿತು. ಬೂತಾಯಿ ಹತ್ತು ಸೆಂಟಿಮೀಟರ್ ಆಗುವವರೆಗೆ ಹಿಡಿಯಬಾರದೆಂದು ಕೇರಳ 2015ರಲ್ಲೇ ನಿಯಮ ಮಾಡಿತು. ಹೆಚ್ಚೆಂದರೆ ಎರಡೂವರೆ ವರ್ಷ ಬದುಕುವ ಮೀನು ಅದು. ಒಮ್ಮೆ ಮೊಟ್ಟೆಯಿಡಲು ಅದಕ್ಕೆ ಬೇಕಾದದ್ದು ಸುಮಾರು ಒಂದು ವರ್ಷ. ನಾವು ಕೊಡಬೇಕಾದ್ದೂ ಅಷ್ಟೇ, ಇನ್ನು ಕೆಲವು ತಿಂಗಳ ಬಿಡುವು. ಅಷ್ಟು ಸಣ್ಣದನ್ನು ಕೊಡಲಾರದೆ ಹೋಗುತ್ತೇವಲ್ಲ, ಅದು ನನ್ನನ್ನು ಬಾಧಿಸುತ್ತದೆ.

2012ರಲ್ಲಿ ಕೇರಳದಲ್ಲಿ ಸಿಕ್ಕ ಬೂತಾಯಿ ಸುಮಾರು ನಾಲ್ಕು ಲಕ್ಷ ಟನ್. 2021ರಲ್ಲಿ ಮೂರು ಸಾವಿರದ ಮುನ್ನೂರರ ಆಸುಪಾಸು. ಇದೆಲ್ಲವೂ ಬಲೆಯ ಪಾಪವಲ್ಲ. ಬೂತಾಯಿ ಹಿಂದೆಯೂ ಬಂದು ಹೋಗುತ್ತಿದ್ದ ಮೀನು. ಎಲ್ ನಿನೊ ಕಡಲನ್ನು ಬಿಸಿಯೇರಿಸಿದ ವರ್ಷಗಳಲ್ಲಿ ಇನ್ನಷ್ಟು ಸೊರಗಿತು. ನಾವು ಸುಟ್ಟ ಕಲ್ಲಿದ್ದಲು, ಎಣ್ಣೆಯಿಂದ ಭೂಮಿಯಲ್ಲಿ ಉಳಿದ ಹೆಚ್ಚುವರಿ ಶಾಖದ ನೂರಕ್ಕೆ ತೊಂಬತ್ತು ಪಾಲನ್ನು ಸಮುದ್ರವೇ ನುಂಗಿಕೊಂಡಿದೆ. ಹಾಗಿದ್ದ ಮೇಲೆ ಮಲ್ಪೆಯವನೊಬ್ಬ ಬಲೆ ಮಡಚಿಟ್ಟು ಏನು ಸಾಧಿಸಿದಂತಾಯಿತು ಎಂದು ಕೇಳಬಹುದು. ಆದರೆ ಕಾದ ನೀರಿನಲ್ಲಿ ಸೊರಗಿದ ಸಂತತಿ ಚೇತರಿಸಿಕೊಳ್ಳಬೇಕಾದರೆ ಮೊಟ್ಟೆಯಿಡುವ ಮೀನು ನಾಲ್ಕಾದರೂ ಉಳಿದಿರಬೇಕು. ಕಡಲು ದುರ್ಬಲವಾದಷ್ಟೂ ಬಲೆಯ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆದರೆ ಈ ಹೊಣೆಯನ್ನು ಯಾರ ಹೆಗಲಿಗೆ ಹೊರಿಸಿದ್ದೇವೆ? ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರ ತಾನು 1,500 ರೂಪಾಯಿ ಕೂಡಿಟ್ಟರೆ ಸರ್ಕಾರಗಳು 3,000 ಸೇರಿಸುತ್ತವೆ. ಮೀನಿಲ್ಲದ ತಿಂಗಳುಗಳ ಸಂಸಾರಕ್ಕೆ ಅಷ್ಟೇ. ದೂರದ ಒಡಿಶಾ, ಜಾರ್ಖಂಡಿನಿಂದ ಬಂದು ದೋಣಿಯಲ್ಲಿ ದುಡಿಯುವವರು ಮೇ ಕೊನೆಗೆ ರೈಲು ಹತ್ತಿ ಊರಿಗೆ ಹೋಗುತ್ತಾರೆ. ಇನ್ನು ಹಿಡಿದ ಮರಿಯಲ್ಲಿ ಊಟದ ತಟ್ಟೆಗೆ ಬರುವುದು ಕಡಿಮೆ. ಅದು ಫಿಶ್‌ಮೀಲ್ ಕಾರ್ಖಾನೆಯಲ್ಲಿ ಹಿಟ್ಟಾಗುತ್ತದೆ, ಎಣ್ಣೆಯಾಗುತ್ತದೆ, ಸಿಗಡಿ ಕೊಳಗಳಿಗೆ ಮೇವಾಗುತ್ತದೆ. ಆ ಸಿಗಡಿ ತಿನ್ನುವವರು ಬೆಂಗಳೂರಿನಲ್ಲೂ ಇದ್ದಾರೆ, ಅಮೆರಿಕದಲ್ಲೂ ಇದ್ದಾರೆ. ಅವರಿಗೆ ಯಾವ ರಜೆಯೂ ಅನ್ವಯಿಸುವುದಿಲ್ಲ. ಟ್ರಾಲ್ ಬಲೆಯ ತುದಿಗೆ 35 ಮಿಲಿಮೀಟರಿನ ಚೌಕ ಕಣ್ಣಿರಲಿ, ಮರಿ ನುಸುಳಿ ಹೋಗಲಿ ಎಂದು ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಅದನ್ನು ಪಾಲಿಸುವ ದೋಣಿ ಮಾಲೀಕ ಮರಿಯನ್ನು ಬಿಟ್ಟು ಬರುತ್ತಾನೆ. ಪಾಲಿಸದವನು ತಂದ ಮರಿಗೆ ಕಾರ್ಖಾನೆಯ ತಕ್ಕಡಿಯಲ್ಲಿ ಇವತ್ತೂ ಬೆಲೆಯಿದೆ. ಆ ಬೆಲೆ ಇರುವವರೆಗೆ ಕಣ್ಣು ಅಗಲ ಮಾಡಿದವನು ತನ್ನ ನಷ್ಟವನ್ನು ಒಬ್ಬನೇ ಭರಿಸಬೇಕು.