ನೋವಿಗೆ ಸಾಕ್ಷಿ ಯಾರು?

ಗಾಯಕ್ಕೆ ಸಾಕ್ಷಿ ಬೇಕಿಲ್ಲ. ರಕ್ತವೇ ಸಾಕ್ಷಿ ಹೇಳುತ್ತದೆ. ಮುರಿದ ಎಲುಬಿನ ಪರವಾಗಿ ಎಕ್ಸ್‌ರೇ ಚಿತ್ರ ಮಾತನಾಡುತ್ತದೆ. ಆದರೆ ಗಾಯವೆಲ್ಲ ಮಾಯ್ದು, ಎಲುಬುಗಳೆಲ್ಲ ನೆಟ್ಟಗಿದ್ದು, ನೋವು ಮಾತ್ರ ಮನೆ ಬಿಡದ ನೆಂಟನಂತೆ ಉಳಿದುಬಿಟ್ಟರೆ ಅದಕ್ಕೆ ಸಾಕ್ಷಿ ಯಾರು? ನೊಂದವನ ಬಾಯಿಮಾತೊಂದೇ. ಆ ಮಾತನ್ನು ನಂಬುವ ಕರ್ತವ್ಯ ಕೇಳುವವರಿಗೆ ಉಂಟೆ? ಎರಡು ವರ್ಷಗಳಿಂದ ಈ ಪ್ರಶ್ನೆ ನನ್ನ ಬೆನ್ನು ಹತ್ತಿದೆ; ‘ಬೆನ್ನು ಹತ್ತಿದೆ’ ಎಂಬುದನ್ನು ಓದುಗರು ಅಕ್ಷರಶಃ ತೆಗೆದುಕೊಂಡರೂ ತಪ್ಪಿಲ್ಲ.

ಯಾದಗಿರಿಯಲ್ಲಿ ರೈಲಿಳಿದು ಬಾಡಿಗೆ ಕಾರಿನಲ್ಲಿ ಸುರಪುರಕ್ಕೆ ಹೊರಟಿದ್ದೆ. ಭೀಮೆಯನ್ನು ದಾಟಿ, ಶಹಾಪುರವನ್ನು ಹಿಂದೆ ಹಾಕಿ ಸ್ವಲ್ಪ ದೂರ ಬಂದಿರಬಹುದು. ಹತ್ತಿಯ ಮೂಟೆ ಹೇರಿದ ಟ್ರ್ಯಾಕ್ಟರೊಂದು ಮುಂದೆ ತಟಕ್ಕನೆ ನಿಂತಿತು. ನಮ್ಮ ಕಾರೂ ನಿಂತಿತು. ಹಿಂದೆ ಬರುತ್ತಿದ್ದ ಜೀಪು ಮಾತ್ರ ನಿಲ್ಲಲಿಲ್ಲ. ನೆರೆದ ಜನ ನನ್ನನ್ನು ಕೆಳಗಿಳಿಸಿ, ಮೈಯೆಲ್ಲ ನೋಡಿ, “ಪುಣ್ಯವಂತರು, ಏನೂ ಆಗಿಲ್ಲ” ಎಂದರು. ಎಕ್ಸ್‌ರೇ ಚಿತ್ರವೂ ಅದನ್ನೇ ಹೇಳಿತು. ಕುತ್ತಿಗೆ, ಬೆನ್ನು, ಮುಂದಿನ ಸೀಟಿನ ಕೆಳಗೆ ಸಿಕ್ಕಿ ಹೊರಳಿದ ಎಡಪಾದ, ಈ ಮೂರು ಮಾತ್ರ ಆ ತೀರ್ಪನ್ನು ಇಂದಿಗೂ ಒಪ್ಪಿಲ್ಲ.

ಇದರ ಕಾರಣ ವೈದ್ಯರಿಗೆ ತಿಳಿಯದುದೇನಲ್ಲ. ಹಿಂದಿನಿಂದ ಪೆಟ್ಟು ಬಿದ್ದಾಗ ಸೀಟು ಮುಂಡವನ್ನು ಮುಂದಕ್ಕೆ ತಳ್ಳುತ್ತದೆ. ತಲೆ ಒಂದು ಕ್ಷಣ ಇದ್ದಲ್ಲೇ ಉಳಿಯುತ್ತದೆ. ನಡುವೆ ಕುತ್ತಿಗೆ ಚಾಟಿಯಂತೆ ಬಳುಕುತ್ತದೆ. 1928ರಲ್ಲಿ ಅಮೆರಿಕದ ವೈದ್ಯ ಹೆರಾಲ್ಡ್ ಕ್ರೋ ಇದನ್ನು ಚಾಟಿಯ ಹೆಸರಿನಿಂದಲೇ, ‘ವಿಪ್‌ಲ್ಯಾಷ್’ ಎಂದು ಕರೆದನು. ಸ್ನಾಯುಗಳಿಗೂ ಕಟ್ಟುನಾರುಗಳಿಗೂ ಆದ ಈ ಎಳೆತ ಎಕ್ಸ್‌ರೇಯಲ್ಲಿ ಕಾಣದು. ಹಲವರಿಗೆ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ವಾಸಿಯಾಗುತ್ತದೆ, ಕೆಲವರಿಗೆ ಆಗುವುದಿಲ್ಲ.

ಆ ಕೆಲವರನ್ನು ಲೋಕ ಅನುಮಾನದಿಂದ ನೋಡುತ್ತದೆ. ಲೋಕದ ಬಳಿ ಆಧಾರವೂ ಇಲ್ಲದಿಲ್ಲ. 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಲಿಥುವೇನಿಯಾ ದೇಶದ ಒಂದು ಅಧ್ಯಯನ ಪ್ರಕಟವಾಯಿತು. ವಿಮೆಯೂ ಪರಿಹಾರವೂ ಅಪರೂಪವಾಗಿದ್ದ ಆ ನಾಡಿನಲ್ಲಿ, ಹಿಂದಿನಿಂದ ಪೆಟ್ಟು ತಿಂದ 202 ಜನರನ್ನೂ ತಿನ್ನದ ಅಷ್ಟೇ ಜನರನ್ನೂ ವಿಚಾರಿಸಿದರೆ, ಒಂದರಿಂದ ಮೂರು ವರ್ಷಗಳಾದ ಮೇಲೆ ಎರಡು ಗುಂಪಿನಲ್ಲೂ ಕುತ್ತಿಗೆನೋವು ಹೆಚ್ಚುಕಡಿಮೆ ಒಂದೇ ಆಗಿತ್ತಂತೆ. ಇದನ್ನು ಒಪ್ಪದ ವಿದ್ವಾಂಸರೂ ಉಂಟು. ಆದರೂ ಓದಿದಾಗ ನನಗೆ ಮುಖಭಂಗವಾದದ್ದು ನಿಜ.

ಯಾಕೆಂದರೆ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. 1988ರ ಮೋಟಾರು ವಾಹನ ಕಾಯಿದೆಯಂತೆ ಪರಿಹಾರ ಕೇಳುವವರಿಗೆ ‘ನೋವು ಮತ್ತು ಯಾತನೆ’ ಎಂಬ ಬಾಬಿನಲ್ಲೂ ಹಣ ದೊರೆಯುವುದುಂಟು. ನಾನೂ ಅರ್ಜಿ ಹಾಕಿದೆ. “ಹೋಗುವಾಗ ಕೈಯಲ್ಲೊಂದು ಕೋಲಿರಲಿ” ಎಂದು ಗೆಳೆಯರೊಬ್ಬರು ಹೇಳಿದರು. ಕೋಲು ಹಿಡಿಯಲಿಲ್ಲ. ಆದರೆ ಆಮೇಲೆ ಗಮನಿಸಿದೆ: ನೋಡುವವರಿದ್ದಾಗ ನಾನು ಕೊಂಚ ಹೆಚ್ಚಾಗಿಯೇ ಕುಂಟುತ್ತಿದ್ದೆ. ಯಾರೂ ಇಲ್ಲದಾಗ ನೋವಿರಲಿಲ್ಲವೆಂದಲ್ಲ. ಇದ್ದುದನ್ನು ನಂಬಿಸಲು ಇಲ್ಲದ್ದನ್ನು ಒಂದಿಷ್ಟು ಬೆರೆಸುತ್ತಿದ್ದೆ. ನಂಬದವರ ನಡುವೆ ಪ್ರಾಮಾಣಿಕನೂ ನಟನಾಗುತ್ತಾನೆ, ಆ ನಟನೆ ಬಯಲಾದಾಗ ಅವರ ಅಪನಂಬಿಕೆಯೇ ಸರಿಯಾಗಿತ್ತೆಂದು ಆಗುತ್ತದೆ.

ಇದನ್ನು ಯೋಚಿಸುತ್ತಿದ್ದಾಗಲೇ ನನಗೆ ನಮ್ಮ ಶಾಲೆಯ ಜವಾನನ ನೆನಪಾದದ್ದು. ನಾನು ಮುಖ್ಯೋಪಾಧ್ಯಾಯನಾಗಿದ್ದ ಕಾಲ. ಅವನು ಬಸ್ಸಿನ ಮೆಟ್ಟಿಲಿನಿಂದ ಬಿದ್ದಿದ್ದ. ಮೂರು ವಾರದ ಮೇಲೂ “ನಡ ಹಿಡಕೊಂಡದರಿ ಸರ” ಎನ್ನುತ್ತಿದ್ದ. ನಾನು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಕಾಣಿಸುತ್ತಿಲ್ಲವಲ್ಲ! ಸರ್ಟಿಫಿಕೇಟು ತಾ” ಎಂದೆ. ಅವನು ತರಲಿಲ್ಲ. ಮರುದಿನ ಕೊಡ ಹೊತ್ತು ನೀರು ತಂದ. ನಾನು ಅದನ್ನು ನನ್ನ ಗೆಲುವೆಂದೇ ತಿಳಿದೆ. 2010ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪಿನಲ್ಲಿ, ಎಡಗೈ ಹೋದರೆ ಬಡಗಿಯ ಜೀವನವೇ ಹೋಗಬಹುದು, ಗುಮಾಸ್ತನ ನೌಕರಿ ಉಳಿಯಬಹುದು ಎಂಬ ಭೇದವನ್ನು ಎತ್ತಿ ತೋರಿಸಿತು. ಕುರ್ಚಿಯವನ ಬೆನ್ನಿಗೂ ಕೊಡ ಹೊರುವವನ ಬೆನ್ನಿಗೂ ಇರುವ ಭೇದ ಅಂದು ನನಗೆ ಹೊಳೆಯಲಿಲ್ಲ.

ಶಹಾಪುರದ ಗುಡ್ಡಗಳನ್ನು ಬಲ್ಲವರಿಗೆ ಅಲ್ಲಿಯ ಮಲಗಿದ ಬುದ್ಧನೂ ಗೊತ್ತು. ಉಳಿ ಮುಟ್ಟದ ಬೆಟ್ಟಸಾಲು. ದೂರದಿಂದ ನೋಡಿದರೆ ಆಕಾಶಕ್ಕೆ ಮುಖಮಾಡಿ ಮಲಗಿದ ಮಹಾಪುರುಷನಂತೆ ಕಾಣುತ್ತದೆ. ಬುದ್ಧ ಈ ಸೀಮೆಗೆ ಹೊಸಬನೂ ಅಲ್ಲ. ಇದೇ ಭೀಮೆಯ ದಡದಲ್ಲಿ, ಸನ್ನತಿಯ ನೆರೆಯ ಕನಗನಹಳ್ಳಿಯಲ್ಲಿ, ಅಶೋಕನ ಹೆಸರು ಕೊರೆದ ಶಿಲ್ಪವಿರುವ ಸ್ತೂಪ ದೊರೆತಿದೆ. ಆ ಗುಡ್ಡವನ್ನು ಈಗ ನೋಡುವಾಗ ಪಾಲಿ ಗ್ರಂಥಗಳ ಒಂದು ಸಂಗತಿ ನೆನಪಾಗುತ್ತದೆ. ಬುದ್ಧನಿಗೂ ಬೆನ್ನುನೋವಿತ್ತು! ರಾತ್ರಿ ಬಹಳ ಹೊತ್ತು ಉಪದೇಶ ನಡೆದಮೇಲೆ, ಬೆನ್ನು ನೋಯುತ್ತಿದೆ, ಚಾಚುತ್ತೇನೆ ಎಂದು ಹೇಳಿ, ಮುಂದಿನ ಮಾತನ್ನು ಆನಂದನಿಗೋ ಸಾರಿಪುತ್ರನಿಗೋ ಒಪ್ಪಿಸಿ ಮಲಗಿದ ಪ್ರಸಂಗಗಳಿವೆ. ಕಲ್ಲಿನ ಚೂರು ತಾಗಿ ಪಾದ ನೊಂದದ್ದೂ ಉಂಟು. ಅವನು ಅದನ್ನು ಮುಚ್ಚಿಡಲಿಲ್ಲ, ಹೆಚ್ಚಿಸಿ ಹೇಳಲೂ ಇಲ್ಲ. ಕೇಳಿದವರು ಸರ್ಟಿಫಿಕೇಟು ಬೇಡಲಿಲ್ಲ.

ಅವನು ಹೇಳಿದ ಎರಡು ಬಾಣಗಳ ದೃಷ್ಟಾಂತವೂ ಪ್ರಸಿದ್ಧವೇ: ಮೊದಲ ಬಾಣ ದೇಹದ ನೋವು, ಎರಡನೆಯದು ಅದಕ್ಕಾಗಿ ಮನಸ್ಸು ಪಡುವ ಗೋಳು. ಎರಡನೆಯದನ್ನು ತಪ್ಪಿಸಿಕೊಳ್ಳುವುದು ನೊಂದವನ ಕೈಯಲ್ಲೇ ಇದೆ. ಆದರೆ ಮೂರನೆಯದೊಂದು ಬಾಣವಿದೆಯೆಂದು ನನಗೆ ತೋರುತ್ತದೆ. ಅದು ನೋಡುವವರ ಅಪನಂಬಿಕೆ. ಅದನ್ನು ತಪ್ಪಿಸುವುದು ಬಿಡುವವನ ಕೈಯಲ್ಲಿದೆ. ಅಂದು ಬಿಟ್ಟವನು ನಾನು.

ಹಾಗಾದರೆ ಎಲ್ಲರನ್ನೂ ನಂಬಬೇಕೆ? ನ್ಯಾಯಾಧೀಶರು ಆಧಾರ ಕೇಳಲೇಬೇಕು. ಅವರು ಕೊಡಿಸುವುದು ಇನ್ನೊಬ್ಬರ ಹಣ. ಆದರೆ ಮನೆಯವರೂ ನೆರೆಯವರೂ ಮುಖ್ಯೋಪಾಧ್ಯಾಯರೂ ನ್ಯಾಯಪೀಠದ ಮೇಲೆ ಕುಳಿತವರಲ್ಲ. ನೋವನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೊಂದೆನೆಂದು ಹೇಳುವವನ ಮಾತನ್ನು ಗೌರವಿಸಬೇಕೆಂದು ಅದರ ಜೊತೆಯಲ್ಲೇ ಬರೆದಿಟ್ಟಿತು. ಅಂದು ನಂಬಿ ಮೋಸಹೋಗಿದ್ದರೆ ಶಾಲೆಗೆ ನಾಲ್ಕು ದಿನದ ನಷ್ಟವಾಗುತ್ತಿತ್ತು. ನಂಬದೆ ಹೋದದ್ದರಿಂದ ಆದ ನಷ್ಟವನ್ನು ಹೊತ್ತವನು ಅವನೊಬ್ಬನೇ.

ಕಳೆದ ತಿಂಗಳು ಸುರಪುರದಲ್ಲಿ ಅವನ ಮನೆ ಹುಡುಕಿಕೊಂಡು ಹೋದೆ. ಓಣಿಯ ಏರು ಹತ್ತುವಾಗ ಪಾದ ನಿಜವಾಗಿಯೇ ನೋಯುತ್ತಿತ್ತು; ಆದಷ್ಟು ನೆಟ್ಟಗೆ ನಡೆದೆ. ಹೇಳಬೇಕೆಂದುಕೊಂಡ ಮಾತು ಬಾಯಿಗೆ ಬರುವ ಮೊದಲೇ ಅವನು ನನ್ನ ಕಾಲು ನೋಡಿದ. ಒಳಗಿನಿಂದ ದಿಂಬು ತಂದು ಗೋಡೆಗೆ ಇಟ್ಟು, “ಆತು ಕೂಡ್ರಿ ಸರ, ಬೆನ್ನಿಗೆ ಹಿತ ಆಗ್ತದ” ಎಂದ. ಬೆನ್ನಿನ ವಿಷಯ ನಾನಿನ್ನೂ ಹೇಳಿರಲೇ ಇಲ್ಲ.